ಫ್ಲಾಟ್ ನಮ್ಮದು, ಸರಿ. ಅದರ ಕೆಳಗಿನ ನೆಲ ಯಾರದು?

ನಿಮ್ಮ ಫ್ಲಾಟಿನ ಸೇಲ್ ಡೀಡ್ ಬೀರುವಿನಲ್ಲೋ ಲಾಕರಿನಲ್ಲೋ ಇರುತ್ತದೆ. ಸಾಲ ಇದ್ದರೆ ಬ್ಯಾಂಕಿನಲ್ಲಿರುತ್ತದೆ, ಆದರೂ ಒಂದು ಜೆರಾಕ್ಸ್ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಅದನ್ನು ತೆಗೆದು ಕೊನೆಯ ಪುಟಗಳನ್ನು ಓದಿ. ಬೆಂಗಳೂರಿನ ಹೆಚ್ಚಿನ ಡೀಡ್‌ಗಳಲ್ಲಿ ಮೂರು ಶೆಡ್ಯೂಲ್ ಇರುತ್ತವೆ. ಎ ಅಂದರೆ ಇಡೀ ಜಮೀನು, ಸರ್ವೆ ನಂಬರ್, ಚಕ್ಕುಬಂದಿ ಸಮೇತ. ಬಿ ಅಂದರೆ ಆ ಜಮೀನಿನಲ್ಲಿ ನಿಮಗೆ ಬಂದ ಅವಿಭಾಜ್ಯ ಪಾಲು. ಎಲ್ಲರೂ ಯುಡಿಎಸ್ ಅನ್ನುವುದು ಇದಕ್ಕೇ. ಸಿ ಅಂದರೆ ನೀವು ವಾಸ ಮಾಡುವ ಫ್ಲಾಟು.

ಮನೆ ಕೊಳ್ಳುವಾಗ ನಾವೆಲ್ಲ ನೋಡುವುದು ಸಿ ಮಾತ್ರ. ಎಷ್ಟು ಬೆಡ್‌ರೂಮು, ಅಡುಗೆಮನೆಗೆ ಗಾಳಿ ಬರುತ್ತಾ, ಬಾಗಿಲು ಪೂರ್ವಕ್ಕಿದೆಯಾ. ಕಟ್ಟಡಕ್ಕೆ ವಯಸ್ಸಾದ ಹಾಗೆ ಆ ಸಿ ಶೆಡ್ಯೂಲಿನ ಬೆಲೆ ಇಳಿಯುತ್ತದೆ, ಬಿ ಶೆಡ್ಯೂಲಿನ ಬೆಲೆ ಏರುತ್ತದೆ. ನಲವತ್ತು ವರ್ಷದ ಮೇಲೆ ಕಟ್ಟಡ ಕೆಡವಬೇಕಾಗಿ ಬಂದರೆ ಕೈಯಲ್ಲಿ ಉಳಿಯುವುದು ಬಿ ಒಂದೇ. ಅದನ್ನು ಓದದೆ ಇಡೀ ಜೀವನದ ಉಳಿತಾಯ ಹಾಕಿರುತ್ತೇವೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಊರು ಸಾಗರದ ಹತ್ತಿರ. ನಿವೃತ್ತಿಯಾದ ಮೇಲೆ ಕನಕಪುರ ರಸ್ತೆ ಕಡೆಯ ನಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ಗೆ ಖಜಾಂಚಿ ಆದೆ. ಲೆಕ್ಕ ನೋಡುವ ಕೆಲಸ ಅಂತ ಒಪ್ಪಿಕೊಂಡರೂ ಓದಬೇಕಾಗಿ ಬಂದದ್ದು ಕಾನೂನು. ಅಪಾರ್ಟ್‌ಮೆಂಟ್ ಅಂದರೆ ನನಗೆ ಈಗಲೂ ಕಾಣುವುದು ನಮ್ಮ ಮನೆಯ ಪಾಲಾಗದ ಅಡಿಕೆ ತೋಟ. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ತಂತಮ್ಮ ಸಾಲಿನ ಅಡಿಕೆ ಕೊನೆ ಕೊಯ್ಯುತ್ತಿದ್ದರು. ಅದರಲ್ಲಿ ಜಗಳ ಇರಲಿಲ್ಲ. ಜಗಳ ಬರುತ್ತಿದ್ದದ್ದು ಬಾವಿ, ಬೇಲಿ, ಕಾಲುವೆ ರಿಪೇರಿಗೆ. ಅಂದರೆ ಎಲ್ಲರಿಗೂ ಸೇರಿದ್ದಕ್ಕೆ.

ಮೊದಲು ಯಾವ ಕಾಯ್ದೆ ಅನ್ನುವುದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಗೊಂದಲ ಅಲ್ಲಿಂದಲೇ ಶುರು. ನಮ್ಮಲ್ಲಿ 1972ರ ಎರಡು ಕಾಯ್ದೆಗಳಿವೆ. ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲ ಅದು. ಒಂದು ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, ಇನ್ನೊಂದು ಓನರ್‌ಶಿಪ್ ಫ್ಲಾಟ್‌ಗಳ ಕಾಯ್ದೆ. ಮೊದಲನೆಯದರಲ್ಲಿ ಜಮೀನು ಮತ್ತು ಸಾಮಾನ್ಯ ಜಾಗ ಫ್ಲಾಟ್ ಮಾಲೀಕರೆಲ್ಲರ ಅವಿಭಾಜ್ಯ ಸ್ವತ್ತು. ಎರಡನೆಯದರಲ್ಲಿ ಬಿಲ್ಡರ್ ಒಂದು ಸಹಕಾರ ಸಂಘಕ್ಕೋ ಕಂಪನಿಗೋ ಜಮೀನಿನ ಹಕ್ಕು ಬರೆದುಕೊಡಬೇಕು. ಇವೆರಡೂ ಬೇರೆ ಬೇರೆ ದಾರಿ. ಆದರೆ ಬೆಂಗಳೂರಿನಲ್ಲಿ ಎಷ್ಟೋ ಅಸೋಸಿಯೇಷನ್‌ಗಳು ಇವೆರಡನ್ನೂ ಬಿಟ್ಟು 1960ರ ಸೊಸೈಟಿ ನೋಂದಣಿ ಕಾಯ್ದೆಯಲ್ಲಿ ರಿಜಿಸ್ಟರ್ ಆಗಿವೆ. ಬ್ಯಾಂಕ್ ಖಾತೆ ತೆರೆಯಲು ಅದು ಸುಲಭ ಅಂತ. ಆ ಕಾಯ್ದೆ ಇರುವುದು ಧರ್ಮಕಾರ್ಯ, ಸಾಹಿತ್ಯ, ಕ್ರೀಡೆ ಇಂಥ ಉದ್ದೇಶದ ಸಂಘಗಳಿಗೆ. ಲಿಫ್ಟ್, ಸಂಪು, ಜಮೀನು ನೋಡಿಕೊಳ್ಳುವ ಮಾಲೀಕರಿಗೆ ಅಲ್ಲ. ಬರೀ ವಾಸದ ಫ್ಲಾಟ್‌ಗಳಿರುವ ಕಡೆ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯೇ ಸರಿಯಾದ ಜಾಗ, ಸಹಕಾರ ಸಂಘದ ಕಾಯ್ದೆಯೂ ಅಲ್ಲ ಎಂದು ಕರ್ನಾಟಕ ಹೈಕೋರ್ಟ್ ಇತ್ತೀಚಿನ ವರ್ಷಗಳಲ್ಲಿ ಹೇಳಿದೆ.

ಸುಮ್ನೆ ಕಾಗದದ ವ್ಯತ್ಯಾಸ ಅಲ್ವಾ ಇದು ಅಂತ ನಮ್ಮ ಕಮಿಟಿಯಲ್ಲೇ ಒಬ್ಬರು ಕೇಳಿದರು. ಅಲ್ಲ. ತಪ್ಪು ಕಾಯ್ದೆಯಲ್ಲಿ ಕೂತರೆ, ಬಾಕಿ ಉಳಿಸಿಕೊಂಡವರ ಮೇಲೆ ಕೇಸ್ ಹಾಕಿದ ದಿನ ಅವರ ವಕೀಲರು ಎತ್ತುವ ಮೊದಲ ಮಾತು "ನೀವು ಯಾರು?" ಎಂದೇ. ಬಿಲ್ಡರ್ ಮೇಲೆ ಹಾಕಿದರೂ ಅದೇ ಮಾತು.

ಮಾಲೀಕತ್ವ ಕಾಯ್ದೆಯಡಿ ಎಲ್ಲದಕ್ಕೂ ಬೇರು ಡೀಡ್ ಆಫ್ ಡಿಕ್ಲರೇಷನ್ ಅನ್ನುವ ಒಂದು ಪತ್ರ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿಯಾಗಿರುತ್ತದೆ. ಜಮೀನು ಎಷ್ಟು, ಯಾವುದು ಸಾಮಾನ್ಯ ಜಾಗ, ಯಾವುದು ಕೆಲವರಿಗೆ ಮಾತ್ರ ಮೀಸಲು, ಯಾವ ಫ್ಲಾಟಿಗೆ ಶೇಕಡಾ ಎಷ್ಟು ಪಾಲು, ಎಲ್ಲ ಅದರಲ್ಲಿರುತ್ತದೆ. ಬೈಲಾ ಕೂಡ ಅದಕ್ಕೇ ಅಂಟಿಕೊಂಡಿರುತ್ತದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಂಥ ಪತ್ರ ಇದೆ ಅನ್ನುವುದು ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಬಿಲ್ಡರ್ ನಮಗೆ ಯಾರಿಗೂ ಕೊಟ್ಟಿರಲಿಲ್ಲ. ನಾವು ಅರ್ಜಿ ಹಾಕಿ ದೃಢೀಕೃತ ನಕಲು ತೆಗೆಸಿದೆವು.

ಅದು ಕೈಗೆ ಬಂದ ದಿನ ನಾನು ಮಾಡಿದ ಮೊದಲ ಕೆಲಸ, ಶೇಕಡಾವಾರು ಪಟ್ಟಿಯನ್ನು ಕೂಡಿಸಿದ್ದು. ಎಲ್ಲ ಫ್ಲಾಟುಗಳ ಪಾಲು ಸೇರಿದರೆ ನೂರು ಬರಬೇಕು ತಾನೆ? ಬರಲಿಲ್ಲ. ಎರಡು ಸಲ ಕೂಡಿಸಿದೆ, ಮಗನ ಹತ್ತಿರ ಎಕ್ಸೆಲ್‌ನಲ್ಲೂ ಹಾಕಿಸಿದೆ. ನೂರಕ್ಕೆ ಸುಮಾರು ಎಂಟು ಕಡಿಮೆ. ಆ ಎಂಟು ಎಲ್ಲಿ ಹೋಯಿತು ಅಂತ ಹುಡುಕಿದರೆ ಹಿಂದಿನ ಪುಟದಲ್ಲಿ ಒಂದು ವಾಕ್ಯ ಸಿಕ್ಕಿತು. ಮುಂದೆ ಕಟ್ಟಡ ವಿಸ್ತರಿಸುವ ಹಕ್ಕು, ಟೆರೇಸಿನ ಹಕ್ಕು, ಮತ್ತು ಅದಕ್ಕೆ ತಕ್ಕ ಜಮೀನಿನ ಪಾಲು ಪ್ರೊಮೋಟರ್ ಬಳಿಯೇ ಉಳಿಯುತ್ತದೆ ಎಂದು. ಅಂದರೆ ನಾವು ಪೂರ್ತಿ ದುಡ್ಡು ಕೊಟ್ಟು, ವರ್ಷಗಟ್ಟಲೆ ಕಸ ಗುಡಿಸಿ, ಬಣ್ಣ ಬಳಿದು ನೋಡಿಕೊಂಡ ಜಾಗದಲ್ಲಿ ಬಿಲ್ಡರ್ ಇನ್ನೂ ನಮ್ಮ ಜೊತೆ ಪಾಲುದಾರ.

ಇದು ಕಾಗದದಲ್ಲೇ ಉಳಿಯಲಿಲ್ಲ. ಕೆಲವು ತಿಂಗಳ ನಂತರ ಇಬ್ಬರು ಟೇಪು ಹಿಡಿದು ಬಂದು ಮಕ್ಕಳ ಆಟದ ಜಾಗ ಅಳೆಯತೊಡಗಿದರು. ವಾಚ್‌ಮನ್ ಓಡಿ ಬಂದು, "ಅಮ್ಮಾ, ಬಿಲ್ಡರ್ ಕಡೆಯವರಂತೆ, ಹೊಸ ಬ್ಲಾಕ್ ಕಟ್ತಾರಂತೆ" ಎಂದ. ನಾನು ಪ್ರಿನ್ಸಿಪಾಲರಿಗೆ ಬರೆಯುವಷ್ಟೇ ಮರ್ಯಾದೆಯಿಂದ, ಆದರೆ ಕಾನೂನಿನ ಸೆಕ್ಷನ್ ಹಾಕಿ ಪತ್ರ ಬರೆದೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಮಂಜೂರಾದ ನಕ್ಷೆಯನ್ನು, ಸಾಮಾನ್ಯ ಜಾಗವನ್ನು ಬದಲಿಸಬೇಕಾದರೆ ಕೊಂಡವರಲ್ಲಿ ಮೂರನೇ ಎರಡು ಭಾಗದವರ ಲಿಖಿತ ಒಪ್ಪಿಗೆ ಮೊದಲೇ ಬೇಕು. 1972ರ ಕಾಯ್ದೆ ಇನ್ನೂ ಗಟ್ಟಿ. ಡಿಕ್ಲರೇಷನ್‌ನಲ್ಲಿ ಬರೆದ ಪಾಲಿನ ಶೇಕಡಾ ಶಾಶ್ವತ, ಎಲ್ಲ ಮಾಲೀಕರೂ ಒಪ್ಪದೆ ಅದನ್ನು ಬದಲಿಸುವ ಹಾಗಿಲ್ಲ.

ಆ ಪತ್ರದಲ್ಲಿ ನೋಯ್ಡಾದ ಎಮರಾಲ್ಡ್ ಕೋರ್ಟ್ ಕೇಸನ್ನೂ ಸೇರಿಸಿದ್ದೆ. ಟಿವಿಯಲ್ಲಿ ಎರಡು ಗೋಪುರ ಉರುಳಿದ್ದನ್ನು ನೀವೂ ನೋಡಿರುತ್ತೀರಿ, 2022ರ ಆಗಸ್ಟ್ 28. ಧೂಳು ಎದ್ದದ್ದು ಎಲ್ಲರಿಗೂ ನೆನಪಿದೆ, ಕಾರಣ ನೆನಪಿಲ್ಲ. ಮೊದಲು ಮನೆ ಕೊಂಡವರಿಗೆ ಹಸಿರು ಜಾಗ ಎಂದು ತೋರಿಸಿದ್ದ ಕಡೆ ಸೂಪರ್‌ಟೆಕ್ ಕಂಪನಿ ಏಪೆಕ್ಸ್, ಸಿಯಾನ್ ಎಂಬ ಎರಡು ಗೋಪುರ ಎಬ್ಬಿಸಿತ್ತು. ಕಟ್ಟಡಗಳ ನಡುವೆ ಬಿಡಬೇಕಾದ ಅಂತರ ಬಿಟ್ಟಿರಲಿಲ್ಲ, ಇದ್ದ ನಿವಾಸಿಗಳ ಒಪ್ಪಿಗೆ ಕೇಳಿರಲಿಲ್ಲ. ನಿವಾಸಿಗಳ ಸಂಘ 2012ರಲ್ಲಿ ಅಲಹಾಬಾದ್ ಹೈಕೋರ್ಟಿಗೆ ಹೋಯಿತು. 2014ರಲ್ಲಿ ಕೆಡವಲು ಆದೇಶವಾಯಿತು. 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಹತ್ತು ವರ್ಷ! ಅಷ್ಟೂ ವರ್ಷ ಚಂದಾ ಎತ್ತಿ, ವಕೀಲರಿಗೆ ದುಡ್ಡು ಹೊಂದಿಸಿ, ಬೇಸತ್ತವರನ್ನು ಸಮಾಧಾನ ಮಾಡಿ ಕೇಸ್ ನಡೆಸಿದವರು ಸಾಮಾನ್ಯ ಫ್ಲಾಟ್ ಮಾಲೀಕರು. ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಟೇಪು ಹಿಡಿದವರು ಮತ್ತೆ ಬಂದಿಲ್ಲ. ಆದರೆ ಡಿಕ್ಲರೇಷನ್‌ನಲ್ಲಿ ಆ ವಾಕ್ಯ ಹಾಗೇ ಕೂತಿದೆ. ಅದನ್ನು ತೆಗೆಸುವ ತಿದ್ದುಪಡಿ ಪತ್ರಕ್ಕೆ ಈಗ ಸಹಿ ಸಂಗ್ರಹಿಸುತ್ತಿದ್ದೇವೆ. ಬಿಲ್ಡರ್ ಜೊತೆ ಮಾತುಕತೆ ಒಂದು ಕಡೆ, ನಮ್ಮವರ ಸಹಿ ಇನ್ನೊಂದು ಕಡೆ. ಎರಡನೆಯದೇ ಕಷ್ಟ ಅಂದರೆ ನಂಬುತ್ತೀರಾ? ಕೆಲವು ಮಾಲೀಕರು ದುಬೈಯಲ್ಲಿ, ಕೆಲವರು ಟೆಕ್ಸಸ್‌ನಲ್ಲಿ. ಅವರು ಅಲ್ಲಿನ ಕಾನ್ಸುಲೇಟ್‌ನಲ್ಲಿ ಪವರ್ ಆಫ್ ಅಟಾರ್ನಿಗೆ ದೃಢೀಕರಣ ಮಾಡಿಸಿ ಕಳಿಸಬೇಕು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ಒಬ್ಬರ ಪತ್ರ ಅಣ್ಣನ ಮನೆಯ ಟೇಬಲ್ ಮೇಲೆ ಆ ಅವಧಿ ದಾಟುವ ತನಕ ಬಿದ್ದಿತ್ತು. ಮತ್ತೆ ಮೊದಲಿಂದ ಶುರು.

ಪಾರ್ಕಿಂಗ್ ಬಗ್ಗೆ ಹೇಳದೆ ಹೋದರೆ ನಮ್ಮವರು ಯಾರೂ ಇದನ್ನು ಕ್ಷಮಿಸುವುದಿಲ್ಲ. ಎರಡನೇ ಮಹಡಿಯ ಯಜಮಾನರು ಒಬ್ಬರು ಬಂದು ಸ್ಟಿಲ್ಟ್, ಅಂದರೆ ಕಟ್ಟಡದ ಅಡಿಯಲ್ಲಿ ಕಂಬಗಳ ನಡುವೆ ಬಿಟ್ಟ ಜಾಗದ ಬಗ್ಗೆ ಕೇಳಿದರು.

"ಮೇಡಂ, ಬಿಲ್ಡರ್‌ಗೆ ಮೂರು ಲಕ್ಷ ಕೊಟ್ಟು ಸ್ಟಿಲ್ಟ್ ಪಾರ್ಕಿಂಗ್ ತಗೊಂಡಿದ್ದೀನಿ. ಅದು ನನ್ನದೇ ಅಲ್ವಾ?"

"ರಸೀದಿ ಇದೆಯಾ ಸರ್?"

"ರಸೀದಿ ಇಲ್ಲ. ಅಲಾಟ್‌ಮೆಂಟ್ ಲೆಟರ್ ಇದೆ."

ಈ ಪ್ರಶ್ನೆಗೆ ನೇರ ಉತ್ತರ ಕೊಡುವುದು ಕಷ್ಟ. 2010ರಲ್ಲಿ ಸುಪ್ರೀಂ ಕೋರ್ಟ್ ನಹಾಲ್‌ಚಂದ್ ಲಾಲೂಚಂದ್ ಕೇಸಿನಲ್ಲಿ, ಸ್ಟಿಲ್ಟ್ ಪಾರ್ಕಿಂಗನ್ನು ಗ್ಯಾರೇಜ್ ಎಂದು ಬಿಡಿಯಾಗಿ ಮಾರುವ ಹಕ್ಕು ಬಿಲ್ಡರ್‌ಗೆ ಇಲ್ಲ ಎಂದಿತು. ಅದು ಮುಂಬೈಯ ಕೇಸು, ಮಹಾರಾಷ್ಟ್ರದ ಕಾಯ್ದೆ. ರೇರಾ ಬಂದ ಮೇಲೆ ತೆರೆದ ಪಾರ್ಕಿಂಗ್ ಸಾಮಾನ್ಯ ಜಾಗ ಎಂದು ಕಾಯ್ದೆಯಲ್ಲೇ ಬರೆದಿದೆ. ಗ್ಯಾರೇಜ್ ಅನ್ನಿಸಿಕೊಳ್ಳಬೇಕಾದರೆ ಮೇಲೆ ಛಾವಣಿ, ಮೂರು ಕಡೆ ಗೋಡೆ ಇರಬೇಕು. ನಮ್ಮ 1972ರ ಕಾಯ್ದೆಯಲ್ಲೂ ಬೇಸ್‌ಮೆಂಟ್, ಅಂಗಳ, ಪಾರ್ಕಿಂಗ್ ಎಲ್ಲ ಸಾಮಾನ್ಯ ಜಾಗವೇ, ಆದರೆ "ಡಿಕ್ಲರೇಷನ್‌ನಲ್ಲಿ ಬೇರೆ ರೀತಿ ಹೇಳದೇ ಇದ್ದರೆ" ಎಂಬ ಷರತ್ತಿದೆ. ಕೆಲವು ಫ್ಲಾಟುಗಳಿಗೆ ಮಾತ್ರ ಮೀಸಲಾದ ಜಾಗ ಎಂದು ಡಿಕ್ಲರೇಷನ್‌ನಲ್ಲಿ ತೋರಿಸಿದ್ದರೆ ಅವರು ಅದನ್ನು ಬಳಸಬಹುದು. ಆಗಲೂ ಅದು ಬಳಸುವ ಹಕ್ಕು. ಫ್ಲಾಟ್ ಇಲ್ಲದೆ ಪಾರ್ಕಿಂಗ್ ಒಂದನ್ನೇ ಹೊರಗಿನವರಿಗೆ ಮಾರುತ್ತೇನೆ ಅಂದರೆ ನಾನು ಒಪ್ಪುವುದಿಲ್ಲ. ಯಜಮಾನರ ಜಾಗ ಡಿಕ್ಲರೇಷನ್‌ನಲ್ಲಿ ನಂಬರ್ ಸಮೇತ ಇತ್ತು, ಅವರಿಗೆ ಸಮಾಧಾನವಾಯಿತು. ಅದೇ ಸಾಲಿನ ಇನ್ನಿಬ್ಬರ ಜಾಗ ನಕ್ಷೆಯಲ್ಲಿ ಅತಿಥಿಗಳ ಪಾರ್ಕಿಂಗ್. ಅವರೂ ದುಡ್ಡು ಕೊಟ್ಟವರೇ. ಅವರಿಗೆ ಏನು ಹೇಳಬೇಕು ಅನ್ನುವುದು ನಮ್ಮ ಕಮಿಟಿಗೆ ಇನ್ನೂ ಬಗೆಹರಿದಿಲ್ಲ.

ಮೇಂಟೆನೆನ್ಸ್ ವಿಷಯದಲ್ಲಿ ಮಾತ್ರ ಕಾಯ್ದೆ ನನಗೆ ತುಂಬಾ ಇಷ್ಟ, ಯಾಕೆಂದರೆ ಲೆಕ್ಕ ಸ್ಪಷ್ಟವಾಗಿದೆ. ಪಾಲಿನ ಶೇಕಡಾ ಎಷ್ಟೋ ಸಾಮಾನ್ಯ ಖರ್ಚು ಅಷ್ಟು. ದೊಡ್ಡ ಫ್ಲಾಟಿನವರು "ಎಲ್ಲರಿಗೂ ಸಮ ಹಾಕಿ" ಅನ್ನುತ್ತಾರೆ, ಚಿಕ್ಕ ಫ್ಲಾಟಿನವರು "ಚದರಡಿ ಲೆಕ್ಕ" ಅನ್ನುತ್ತಾರೆ. ಮಾಲೀಕತ್ವ ಕಾಯ್ದೆಯಡಿ ಇರುವ ಕಡೆ ಕಮಿಟಿ ವೋಟು ಹಾಕಿ ತೀರ್ಮಾನಿಸುವ ವಿಷಯ ಇದಲ್ಲ. ಪುಣೆಯ ಒಂದು ಕಾಂಡೊಮಿನಿಯಂ (ಅಪಾರ್ಟ್‌ಮೆಂಟ್ ಮಾಲೀಕರ ಸಂಘ) ವಿಚಾರದಲ್ಲಿ ಬಾಂಬೆ ಹೈಕೋರ್ಟ್ 2025ರಲ್ಲಿ ಅಲ್ಲಿನ ಇಂಥದೇ ಕಾಯ್ದೆ ನೋಡಿ ಇದನ್ನೇ ಹೇಳಿತು. "ನಾವು ಗ್ರೌಂಡ್ ಫ್ಲೋರಿನವರು, ಲಿಫ್ಟ್ ಹತ್ತೋದೇ ಇಲ್ಲ" ಎಂಬ ಮಾತಿಗೂ ಉತ್ತರ ಇದೆ. ಸಾಮಾನ್ಯ ಸೌಲಭ್ಯ ಬಳಸದೇ ಇದ್ದರೂ ತನ್ನ ಪಾಲಿನ ಖರ್ಚಿನಿಂದ ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದು ಕಾಯ್ದೆಯಲ್ಲೇ ಇದೆ.

ಬಾಕಿ ಉಳಿಸಿಕೊಂಡರೆ ಆ ಮೊತ್ತ ಫ್ಲಾಟಿನ ಮೇಲೆ ಋಣಭಾರವಾಗಿ ಕೂರುತ್ತದೆ. ಸರ್ಕಾರದ ತೆರಿಗೆ, ಮೊದಲ ಅಡಮಾನದ ಸಾಲ, ಇವೆರಡನ್ನು ಬಿಟ್ಟರೆ ಮುಂದಿನ ಹಕ್ಕು ಅಸೋಸಿಯೇಷನ್‌ದೇ. ಫ್ಲಾಟ್ ಮಾರಿದರೆ ಅಲ್ಲಿಯವರೆಗಿನ ಬಾಕಿಗೆ ಕೊಂಡವರೂ ಹೊಣೆ. ಹಾಗಾಗಿ ರೀಸೇಲ್ ಫ್ಲಾಟ್ ನೋಡುತ್ತಿದ್ದರೆ, ರಿಜಿಸ್ಟ್ರೇಷನ್‌ಗೆ ಮೊದಲು ಅಸೋಸಿಯೇಷನ್‌ನಿಂದ ಬಾಕಿಯ ವಿವರ ಬರೆಸಿಕೊಳ್ಳಿ. ಇಷ್ಟು ಒಳ್ಳೆಯ ದಾರಿ ಕಾಯ್ದೆಯಲ್ಲಿರುವಾಗ ಬಾಕಿದಾರರ ಮನೆಯ ನೀರು ನಿಲ್ಲಿಸುವ ಮಾತು ಪ್ರತಿ ಜಿಬಿಎಂನಲ್ಲೂ, ಅಂದರೆ ಸರ್ವಸದಸ್ಯರ ಸಭೆಯಲ್ಲೂ, ಏಳುತ್ತದೆ. ನಾನು ಒಂದು ಸಲವೂ ಒಪ್ಪಿಲ್ಲ. ಆ ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇರುತ್ತಾರೆ.

ಜಿಎಸ್‌ಟಿ ಬಗ್ಗೆ ತುಂಬಾ ಜನ ಕೇಳುತ್ತಾರೆ, ಚಿಕ್ಕದಾಗಿ ಹೇಳುತ್ತೇನೆ. ಅಸೋಸಿಯೇಷನ್‌ನ ವಾರ್ಷಿಕ ವಹಿವಾಟು 20 ಲಕ್ಷ ದಾಟಿ, ಒಂದು ಫ್ಲಾಟಿನ ತಿಂಗಳ ಮೇಂಟೆನೆನ್ಸ್ 7,500 ರೂಪಾಯಿ ಮೀರಿದರೆ ಶೇಕಡಾ 18 ತೆರಿಗೆ. ಮೀರಿದರೆ ಪೂರ್ತಿ ಮೊತ್ತಕ್ಕೆ ಅನ್ನುವುದು 2019ರ ಇಲಾಖೆಯ ಸುತ್ತೋಲೆ. ಮೀರಿದ ಭಾಗಕ್ಕೆ ಮಾತ್ರ ಅನ್ನುವುದು 2021ರ ಮದ್ರಾಸ್ ಹೈಕೋರ್ಟ್ ತೀರ್ಪು. ನಿಮ್ಮ ಆಡಿಟರ್ ಹತ್ತಿರ ಕೂತು ಮಾತಾಡಿ.

ಓಸಿ ಇಲ್ಲದ ಫ್ಲಾಟ್ ಬಗ್ಗೆ ನನ್ನ ಮಾತು ಕಟುವಾಗಿಯೇ ಇರುತ್ತದೆ. ಓಸಿ ಅಂದರೆ ಕಟ್ಟಡ ನಕ್ಷೆ ಪ್ರಕಾರ ಇದೆ, ವಾಸ ಮಾಡಬಹುದು ಎಂದು ಪಾಲಿಕೆಯಂಥ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರ. ಅದು ಇಲ್ಲದೆ ಮನೆಗೆ ಹೋಗಬೇಡಿ. ಮುಂಬೈಯ ಸಮೃದ್ಧಿ ಸಹಕಾರಿ ವಸತಿ ಸಂಘದವರು 1997ರಿಂದ ಓಸಿ ಇಲ್ಲದ ಕಟ್ಟಡದಲ್ಲಿದ್ದರು. ಅದಿಲ್ಲದ ಕಾರಣಕ್ಕೆ ಆಸ್ತಿ ತೆರಿಗೆ ಶೇಕಡಾ 25 ಜಾಸ್ತಿ, ನೀರಿನ ಬಿಲ್ ಶೇಕಡಾ 50 ಜಾಸ್ತಿ ಕಟ್ಟುತ್ತಾ ಬಂದರು. ಅವಧಿ ಮೀರಿದ ದೂರು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ ತಳ್ಳಿಹಾಕಿತ್ತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಓಸಿ ಕೊಡದಿರುವುದು ಮುಂದುವರಿಯುತ್ತಲೇ ಇರುವ ತಪ್ಪು, ಹಾಗಾಗಿ ದೂರಿನ ಅವಧಿ ಮೀರಿಲ್ಲ ಎಂದಿತು. 2024ರ ಡಿಸೆಂಬರ್‌ನ ಇನ್ನೊಂದು ತೀರ್ಪಿನಲ್ಲಿ, ಓಸಿ ಇಲ್ಲದ ಕಟ್ಟಡಕ್ಕೆ ನೀರು, ಕರೆಂಟು ಸಂಪರ್ಕ ಕೊಡಬಾರದು ಎಂದೂ ಹೇಳಿದೆ. ತಪ್ಪು ಬಿಲ್ಡರ್‌ದಾದರೂ ಟ್ಯಾಂಕರ್ ನೀರಿಗೆ ಕಾಯುವವರು ಮನೆಯವರು. ಹಾಗಾಗಿ ಬೀಗದ ಕೈ ತೆಗೆದುಕೊಳ್ಳುವ ಮೊದಲೇ ಕೇಳಿ.

ಈಗ ಮತ್ತೆ ನೆಲದ ವಿಷಯ. ರೇರಾದ 17ನೇ ಸೆಕ್ಷನ್, ಓಸಿ ಬಂದ ಮೂರು ತಿಂಗಳಲ್ಲಿ ಸಾಮಾನ್ಯ ಜಾಗದ ಹಕ್ಕನ್ನು ಬಿಲ್ಡರ್ ಅಸೋಸಿಯೇಷನ್‌ಗೆ ಬರೆದುಕೊಡಬೇಕು ಅನ್ನುತ್ತದೆ. ನಮ್ಮ 1972ರ ಕಾಯ್ದೆ, ಆ ಹಕ್ಕು ಪ್ರತಿ ಮಾಲೀಕರ ಅವಿಭಾಜ್ಯ ಪಾಲು ಅನ್ನುತ್ತದೆ. ಜಮೀನಿನ ಪಾಲನ್ನು ಸೇಲ್ ಡೀಡ್‌ನಲ್ಲೇ ನಮಗೆ ಬರೆದುಕೊಟ್ಟ ಮೇಲೆ ಅಸೋಸಿಯೇಷನ್‌ಗೆ ಇನ್ನೇನು ಬರೆಯುವುದು? ಈ ಗಂಟು ಬಿಡಿಸದೆ ಎಷ್ಟೋ ಬಿಲ್ಡರ್‌ಗಳು ಏನೂ ಬರೆದುಕೊಡದೆ ಕೂತಿದ್ದಾರೆ. ನಮ್ಮ ಎಸ್‌ಟಿಪಿಗೆ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕಕ್ಕೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಕೂಡ ತುಂಬಾ ದಿನ ಬಿಲ್ಡರ್ ಹೆಸರಿನಲ್ಲೇ ಇತ್ತು.

ಹಳೆಯ ಕಾಯ್ದೆಗಳ ಜಾಗಕ್ಕೆ ಅಪಾರ್ಟ್‌ಮೆಂಟ್ ಮಾಲೀಕತ್ವ ಮತ್ತು ನಿರ್ವಹಣೆಯ ಹೊಸ ಮಸೂದೆಯ ಕರಡನ್ನು ರಾಜ್ಯ ಸರ್ಕಾರ ತಂದಿದೆ. ಅದರಿಂದ ನಾನು ಬಯಸುವುದರಲ್ಲಿ ಎಲ್ಲಕ್ಕಿಂತ ದೊಡ್ಡದು ಹಳೆಯ ಕಟ್ಟಡಗಳ ವಿಷಯ. ಈಗಿನ ಕಾಯ್ದೆಯಲ್ಲಿ ಕಟ್ಟಡವನ್ನು ಕಾಯ್ದೆಯಿಂದ ಹೊರತೆಗೆಯಲು, ಅಂದರೆ ಕೆಡವಿ ಬೇರೆ ಕಟ್ಟುವ ದಾರಿ ಹಿಡಿಯಲು, ಎಲ್ಲ ಮಾಲೀಕರ ಸಹಿ ಬೇಕು. ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳಲ್ಲಿ ಶೇಕಡಾ 51 ಸಾಕು. 51 ನನಗೆ ತೀರಾ ಕಡಿಮೆ ಅನ್ನಿಸುತ್ತದೆ. ಪೆನ್ಷನ್ ಮೇಲೆ ಬದುಕುವ ವೃದ್ಧ ದಂಪತಿಯನ್ನು ಅರ್ಧಕ್ಕಿಂತ ಒಬ್ಬರು ಜಾಸ್ತಿ ಇದ್ದಾರೆ ಎಂದು ಬಾಡಿಗೆ ಮನೆಗೆ ಕಳಿಸುವ ಹಾಗಾಗಬಾರದು. ಹಾಗಂತ ಕಂಬದಿಂದ ಕಬ್ಬಿಣ ಹೊರಬಂದ ಕಟ್ಟಡದಲ್ಲಿ ಒಬ್ಬರ ಹಟಕ್ಕೆ ಎಲ್ಲರೂ ಕೂರುವುದೂ ಸರಿಯಲ್ಲ. ಮುಕ್ಕಾಲು ಭಾಗದ ಒಪ್ಪಿಗೆ, ಜೊತೆಗೆ ಕಟ್ಟಡ ನಿಜಕ್ಕೂ ಅಪಾಯದಲ್ಲಿದೆ ಎಂದು ಸ್ವತಂತ್ರ ಸ್ಟ್ರಕ್ಚರಲ್ ಎಂಜಿನಿಯರ್ ವರದಿ, ಒಪ್ಪದವರಿಗೆ ಮೊದಲೇ ಠೇವಣಿ ಇಟ್ಟ ಬಾಡಿಗೆ. ನಾನು ಕೇಳುವುದು ಇಷ್ಟು. ದೂರು ಕೊಡಲು ಯಾವ ಅಧಿಕಾರಿ ಎಂದು ಹೆಸರಿಟ್ಟು ಹೇಳುವ ಒಂದು ಸಾಲೂ ಅದರಲ್ಲಿ ಬೇಕು.

ನಮ್ಮ ತಿದ್ದುಪಡಿ ಪತ್ರಕ್ಕೆ ಇನ್ನೂ ಒಂಬತ್ತು ಸಹಿ ಬಾಕಿ ಇವೆ. ನಾಳೆ ಬೆಳಿಗ್ಗೆ ಟೆಕ್ಸಸ್‌ಗೆ ಫೋನ್ ಮಾಡಬೇಕು, ಅವರಿಗೆ ಅದು ರಾತ್ರಿ ಊಟದ ಹೊತ್ತು. ನಿಮ್ಮ ಕಟ್ಟಡದ ಡಿಕ್ಲರೇಷನ್ ತೆಗೆಸಬೇಕೆಂದಿದ್ದರೆ, ಅದರ ನೋಂದಣಿ ಸಂಖ್ಯೆ ಮತ್ತು ವರ್ಷ ಸಾಮಾನ್ಯವಾಗಿ ನಿಮ್ಮ ಸೇಲ್ ಡೀಡ್‌ನ ಮೊದಲ ಭಾಗದಲ್ಲೇ ಇರುತ್ತದೆ. ಇಲ್ಲದಿದ್ದರೆ ಜಮೀನಿನ ಇಸಿ (ಋಣಭಾರ ಪತ್ರ) ತೆಗೆಸಿ, ಅದರಲ್ಲಿ ಸಿಗುತ್ತದೆ. ಪಟ್ಟಿ ಕೂಡಿಸಿ ನೂರು ಬರದಿದ್ದರೆ ನನಗೆ ಬರೆಯಿರಿ, ನಮ್ಮ ಪತ್ರದ ನಮೂನೆ ಕಳಿಸುತ್ತೇನೆ.